ಬೇವಿನ ತೊಂಗಲು

ಹುಲಿಗಿ ಅವತ್ತು ನಿನ್ನನ್ನು ಕಂಡು ಓಡಲಿಲ್ಲ, ಶಿವಿ. ನಮ್ಮ ಬಾಗಿಲಿಗೆ ಕಟ್ಟಿದ್ದ ಬೇವಿನ ತೊಂಗಲು ಕಂಡು ಓಡಿದಳು. ಅದನ್ನು ಕಟ್ಟಿದವಳು ನಾನು — ನಿನ್ನ ಒಡಹುಟ್ಟಿದ ಅಕ್ಕ. ಬಾಗಿಲಲ್ಲಿ ಬೇವು ಕಂಡರೆ ಆ ಮನೆಗೆ ಸಿಡುಬಿನ ತಾಯಿ ಬಂದಿದ್ದಾಳೆಂದು ತಿಳಿದು ಯಾರೂ ಹತ್ತಿರ ಸುಳಿಯುವುದಿಲ್ಲ. ನನಗೆ ಬೇಕಾಗಿದ್ದೂ ಅದೇ. ನಿನ್ನ ಮೈಮೇಲೆ ಒಂದು ಗುಳ್ಳೆಯೂ ಎದ್ದಿರಲಿಲ್ಲ.

ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಬರವಣಿಗೆ ಒಗ್ಗದ ಕೈ ನನ್ನದು. ಆದರೆ ಬಾಯಲ್ಲಿ ಹೇಳಲು ಹೊರಟಾಗಲೆಲ್ಲ ಮಾತು ಬೇರೆ ಕಡೆ ಹೊರಳುತ್ತದೆ — ಮಳೆ, ಮಕ್ಕಳು, ಯಾರದೋ ಮದುವೆ... ಅದಕ್ಕೇ ಬರೆಯುತ್ತಿದ್ದೇನೆ.

ಆಗ ದೂರದಲ್ಲೆಲ್ಲೋ ಯುದ್ಧ ಶುರುವಾಗಿತ್ತು. ಅಪ್ಪ ಅವ್ವ ಸಿರುಗುಪ್ಪದ ಕಡೆ ಬೇಸಗೆಯ ಭತ್ತ ಕೊಯ್ಯಲು ಹೋಗಿದ್ದರು. ಕುರುಗೋಡಿನ ಮನೆಯಲ್ಲಿ ನಾವಿಬ್ಬರೇ. ಪಕ್ಕದ ಮನೆಯ ಹುಲಿಗಿಯ ಅವ್ವ ಆಗಾಗ ನೋಡಿಕೊಳ್ಳುತ್ತಿದ್ದಳು. ನನಗೆ ಒಪ್ಪಿಸಿ ಹೋಗಿದ್ದ ಕೆಲಸ, ಬೀಜಕ್ಕಿಟ್ಟ ಶೇಂಗಾ ಒಡೆಯುವುದು. ಕಲ್ಲಿನಿಂದ ಕುಟ್ಟುವಂತಿಲ್ಲ, ಒಳಗಿನ ಕೆಂಪು ಸಿಪ್ಪೆ ಹರಿದರೆ ಬೀಜ ಮೊಳೆಯುವುದಿಲ್ಲ. ಒಂದೊಂದನ್ನೂ ಬೆರಳಲ್ಲೇ ಒತ್ತಬೇಕು. ಸಂಜೆಗೆ ಹೆಬ್ಬೆರಳು ಬಾತಿರುತ್ತಿತ್ತು.

ನೀನು ಆರೇಳು ವರ್ಷದವಳು. ಒಂದು ಹಿಡಿ ಒಡೆಯುವಷ್ಟರಲ್ಲಿ ಎದ್ದು ಓಡುತ್ತಿದ್ದೆ. ಮನೆಯ ಹಿಂದಿನ ಬತ್ತಿದ ಹಳ್ಳದಲ್ಲಿ ನಿನ್ನದೂ ಹುಲಿಗಿಯದೂ ಆಟ. ಯಾರೂ ಹೇಳಿಕೊಟ್ಟ ಆಟವಲ್ಲ ಅದು. ಅದಕ್ಕೊಂದು ಹೆಸರೂ ಇರಲಿಲ್ಲ, ಸೋಲು ಗೆಲುವೂ ಇರಲಿಲ್ಲ. ಮರಳಿನ ಗುಡ್ಡೆಯೇ ಒಂದು ದಿನ ಬಳ್ಳಾರಿ ಟೇಸನ್ನು, ಇನ್ನೊಂದು ದಿನ ಈದ ಎಮ್ಮೆ. ನೀನು ಬಳ್ಳಾರಿ ಕಂಡವಳಲ್ಲ. ಹತ್ತಿಯ ಬಂಡಿ ಹೊಡೆದುಕೊಂಡು ಹೋಗಿಬರುತ್ತಿದ್ದ ಅಪ್ಪನ ಮಾತು ಕೇಳಿಯೇ ಇಡೀ ಪೇಟೆ ಕಟ್ಟಿದ್ದೆ. ಎಕ್ಕದ ಎಲೆಯೇ ಟಿಕೀಟು.

"ಏ ಹುಲಿಗಿ, ಟಿಕೀಟ ಇಲ್ದ ಹತ್ತಿದ್ರ ಪೊಲೀಸ ಹಿಡೀತಾನ ನೋಡು!"

"ಪೊಲೀಸ ಯಾರು?"

"ನಾನ!"

"ಟಿಕೀಟ ಕೊಡಾಕಿ?"

"ಅದೂ ನಾನ!"

ಹುಲಿಗಿ ಸಿಟ್ಟಾಗಿ ಎಲೆ ಹರಿದೆಸೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ನೀನು ಅವಳನ್ನು ಪೊಲೀಸು ಮಾಡುತ್ತಿದ್ದೆ. ದೊಡ್ಡವರು ಯಾರೂ ನಡುವೆ ಬರದೆ ಮುನಿಯುವುದು, ಬಿಟ್ಟುಕೊಡುವುದು, ಮತ್ತೆ ಕೂಡುವುದು — ಎಲ್ಲವನ್ನೂ ಆ ಮರಳಿನಲ್ಲೇ ನೀನು ಕಲಿಯುತ್ತಿದ್ದೆ. ಇದು ನನಗೆ ತಿಳಿದದ್ದು ಈಗ. ಆಗ ನನಗೆ ಕೇಳಿಸುತ್ತಿದ್ದುದು ನಿಮ್ಮ ನಗು ಮಾತ್ರ.

ಕೆಲಸಕ್ಕೆ ನೀನು ಬೇಕಾಗಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಪುಟ್ಟ ಬೆರಳು ಒಡೆಯುತ್ತಿದ್ದ ಶೇಂಗಾ ಎಷ್ಟಿದ್ದೀತು! ಆ ವರ್ಷವೇ ನಾನು ದೊಡ್ಡವಳಾಗಿದ್ದೆ. ಹಳ್ಳಕ್ಕೆ ಹೋಗಬಾರದು, ಓಡಬಾರದು, ಜೋರಾಗಿ ನಗಬಾರದು ಎಂದು ಅವ್ವ ಹೇಳಿದ್ದಳು. ನನ್ನನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ನಿನ್ನನ್ನು ಕರೆಯಲು ಮಾತ್ರ ಹುಲಿಗಿ ಮುಂಜಾನೆಯೇ ಬರುತ್ತಿದ್ದಳು — ಬಾಗಿಲಲ್ಲಿ ಕುಳಿತ ನನ್ನನ್ನು ದಾಟಿ ಒಳಗೆ ಇಣುಕುತ್ತಾ. ನನಗದನ್ನು ಸಹಿಸಲಾಗಲಿಲ್ಲ.

ತೊಂಗಲು ಕಟ್ಟಿದ ದಿನ ಹುಲಿಗಿಯ ಅವ್ವ ದೂರದಲ್ಲೇ ನಿಂತು ಕೇಳಿದಳು: "ಯಾರಿಗೆ ಬಂದಾಳವ್ವಾ ತಾಯಿ?"

"ಶಿವಿಗೆ" ಎಂದೆ ನಾನು.

ಆಕೆ ಅಲ್ಲಿಂದಲೇ ಕೈಮುಗಿದಳು. ಮರುದಿನದಿಂದ ಮಜ್ಜಿಗೆಯ ಗಡಿಗೆಯನ್ನು ಕಟ್ಟೆಯ ಮೇಲಿಟ್ಟು ಹೋಗತೊಡಗಿದಳು. ನಿನಗೆ ಮಾತ್ರ ನಾನು ಬೇರೆ ಹೇಳಿದೆ — ತೊಂಗಲು ಕಟ್ಟಿದ್ದು ದೃಷ್ಟಿಯಾಗದಿರಲೆಂದು. ಹುಲಿಗಿ ಯಾಕೆ ಬರಲಿಲ್ಲ ಎಂದು ನೀನು ಕೇಳಿದಾಗ, "ನೀ ಬ್ಯಾಡಂತ ಅಕಿಗೆ" ಎಂದೆ.

ನೀನು ನಂಬಲಿಲ್ಲ. ಹೊಸ್ತಿಲಲ್ಲಿ ನಿಂತು ಕೂಗಿದೆ: "ಹುಲಿಗೀ, ನಾ ಬರ್ಲೇನ?" ಓಣಿಯಲ್ಲಿದ್ದ ಹುಲಿಗಿ ತಿರುಗಿದಳು. ಮುಖ ಅರಳಿತು, ಒಂದು ಹೆಜ್ಜೆ ಮುಂದೆಯೂ ಇಟ್ಟಳು. ಆಮೇಲೆ ಅವಳ ಕಣ್ಣು ಬಾಗಿಲಿನ ಮೇಲಕ್ಕೆ ಹೋಯಿತು — ಓಡಿದಳು.

ನೀನು ಅಳಲಿಲ್ಲ. ಒಳಗೆ ಬಂದು ನನ್ನ ಪಕ್ಕ ಕುಳಿತು ಶೇಂಗಾ ಕೈಗೆತ್ತಿಕೊಂಡೆ. ಆಗಲೇ ನಾನು ಎದ್ದು ಆ ತೊಂಗಲು ಕಿತ್ತೆಸೆಯಬಹುದಿತ್ತು. ನಾನು — ಸ್ವಲ್ಪ ಸರಿದು ನಿನಗೆ ಜಾಗ ಮಾಡಿಕೊಟ್ಟೆ, ಅಷ್ಟೇ. ಪಕ್ಕದಲ್ಲಿ ಒಬ್ಬರಾದರೂ ಕುಳಿತರಲ್ಲ ಎಂದು ಹಿತವೂ ಆಯಿತು.

ಅವ್ವ ಬಂದಾಗ, "ನಾಕು ಗುಳ್ಳಿ ಎದ್ದಿದ್ವು, ಇಳದು ಹೋದ್ವು" ಎಂದು ನಿನಗೆ ಕೇಳದಂತೆ ಹೇಳಿದೆ. ಹೋದ ತಾಯಿಯ ಹೆಸರೆತ್ತಿದರೆ ಮತ್ತೆ ಬಂದಾಳೆಂಬ ಭಯಕ್ಕೆ ಮನೆಯಲ್ಲಿ ಯಾರೂ ಆ ಮಾತನ್ನು ಎಂದೂ ಎತ್ತಲಿಲ್ಲ. ನನ್ನ ಸುಳ್ಳನ್ನು ಕಾಯ್ದದ್ದು ಆ ಭಯವೇ. ಮಳೆ ಬಿದ್ದ ಮೇಲೆ ಹುಲಿಗಿ ಮತ್ತೆ ಕರೆಯಲು ಬಂದಳು. ನೀನು ಹೋಗಲಿಲ್ಲ. "ಕರೀತಾರ, ಆಮ್ಯಾಲ ಓಡಿ ಹೋಗ್ತಾರ" ಎಂದು ನನಗೆ ಹೇಳಿ ಒಳಗೆ ನಡೆದೆ. ಆಮೇಲೆ ಹಳ್ಳದಲ್ಲಿ ನೀನು ಊರು ಕಟ್ಟಿದ್ದನ್ನು ನಾನು ಕಾಣಲೇ ಇಲ್ಲ.

ನೀನು ಮದುವೆಯಾಗಿ ನಿಜವಾದ ಬಳ್ಳಾರಿಗೇ ಹೋದೆ. ಆ ಊರಲ್ಲಿ ನಿನಗೆ ಗುರುತಿನವರು ಯಾರೂ ಇಲ್ಲ. ಬಳ್ಳಾರಿ ಮೈಸೂರಿಗೆ ಸೇರಿತೆಂದು ಓಣಿಯಲ್ಲೆಲ್ಲ ಅದೇ ಮಾತು ನಡೆದಿದ್ದಾಗ ನಿನ್ನ ಮನೆಗೆ ಬಂದಿದ್ದೆನಲ್ಲ — ಹೊರಗೆ ಮಕ್ಕಳು ನಿನ್ನ ಮಗಳನ್ನು ಕೂಗುತ್ತಿದ್ದರು: "ಪಾರೀ, ಬಾರೇ ಆಡಾಕ!" ನೀನು ಎದ್ದು ಅಗಳಿ ಹಾಕಿದೆ. "ಸುಮ್ನ ಕುಂದ್ರು. ಕರೀತಾರ, ಆಮ್ಯಾಲ ಓಡಿ ಹೋಗ್ತಾರ." ಪಾರಿ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಿತು. ನೀನು ನನ್ನ ಕಡೆ ತಿರುಗಿ ನಕ್ಕೆ. "ಅಕ್ಕಾ, ನೀ ಒಬ್ಬಾಕಿನ ನೋಡು, ನನ್ನ ಬಿಟ್ಟು ಓಡ್ಲಿಲ್ಲ."

ನಾನು ಚಹಾ ಕುಡಿದೆ. ಬಸ್ಸು ಹತ್ತಿ ಊರಿಗೆ ಬಂದೆ.

ಮೊನ್ನೆ ಹುಲಿಗಿಯ ಮುಂದೆ ಎಲ್ಲ ಹೇಳಿದೆ. ಅವಳು ಹೇಳಿದಳು: "ಟೇಸನ್ನಿನ ಗುಡ್ಡಿ ಯಾರಿಗೂ ತುಳ್ಯಾಕ ಬಿಡ್ಲಿಲ್ಲ ನಾ. ಶಿವಿ ಬರ್ತಾಳ, ಅಕಿದು ಅದು ಅಂತ ಕಾದೆ. ಮಳಿ ಬಂದು ಹರಕೊಂಡು ಹೋತು."

ನಿನಗೆ ಓದಲು ಬರುವುದಿಲ್ಲ. ನಾನೇ ಬಂದು, ನಿನ್ನ ಹೊಸ್ತಿಲ ಹೊರಗೆ ನಿಂತು ಇದನ್ನು ಓದುತ್ತೇನೆ. ಓದಿದ ಮೇಲೆ ನೀನು ನನ್ನ ಮುಖದ ಮೇಲೆ ಅಗಳಿ ಹಾಕಿಕೊಂಡರೂ ಸರಿ, ಶಿವಿ. ಪಾರಿಗೆ ತೆಗೆ.