ಅವ್ವ ಹಚ್ಚಿದ ಬಲ್ಬು

ಮೊನ್ನೆ ಮಧ್ಯಾಹ್ನದ ಪಿರಿಯಡ್‌ನಲ್ಲಿ ಹುಡುಗಿಯೊಬ್ಬಳು ವಾಯರಿನ ತುದಿ ಸುಲಿಯಲಾಗದೆ ಕಡ್ಡಿ ಗೀರಿ ಸುಟ್ಟಳು. ಪ್ಲಾಸ್ಟಿಕ್ ಸುಟ್ಟ ಆ ವಾಸನೆಗೆ, ಗದರಿಸಲೆಂದು ತೆರೆದ ನನ್ನ ಬಾಯಿ ಹಾಗೇ ನಿಂತಿತು. ರಾಮದುರ್ಗದ ಈ ಶಾಲೆಯಲ್ಲಿ ವಿಜ್ಞಾನ ಕಲಿಸಿ ಕಲಿಸಿ ನನಗೀಗ ದಣಿವಾಗಿದೆ. ಎಷ್ಟೋ ದಿನ ಯಾರನ್ನೂ ನೆನೆಯಲೂ ಪುರಸೊತ್ತಿಲ್ಲ. ಅಂದು ಮಾತ್ರ ನನಗೆ ವಿಜ್ಞಾನ ಕಲಿಸಿದ ಅಕ್ಕೋರು ನೆನಪಾದರು...

ಸುರೇಬಾನದ ಹತ್ತಿರದ ನಮ್ಮ ಹಳ್ಳಿಯ ಶಾಲೆಗೆ ಅಕ್ಕೋರು ಮುನವಳ್ಳಿಯಿಂದ ಬಸ್ಸು ಬದಲಿಸಿ ಬರುತ್ತಿದ್ದರು. ಪುರಾಣ ಹೇಳುವ ಮನೆತನದ ಸೊಸೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ತರಗತಿಗೆ ಬಂದವರೇ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಿರುತ್ತಿದ್ದರು. ನಾವೂ ಗದ್ದಲ ಮಾಡುತ್ತಿರಲಿಲ್ಲ. ಮಧ್ಯಾಹ್ನ ನಮ್ಮ ಜೊತೆಯೇ ಕೂತು, ನನ್ನ ಬುತ್ತಿಯ ರೊಟ್ಟಿಯನ್ನೂ ಮುರಿದುಕೊಂಡು ಉಣ್ಣುತ್ತಿದ್ದರು.

ಆ ವರ್ಷ ನಮ್ಮಪ್ಪ ಕಬ್ಬಿನ ಹೊಲದಲ್ಲಿ ಪಂಪ್‌ಸೆಟ್ಟಿನ ಕರೆಂಟು ಹೊಡೆದು ತೀರಿಕೊಂಡಿದ್ದ. ಅಂದಿನಿಂದ ಅವ್ವ ಗೋಡೆಯ ಸ್ವಿಚ್ಚು ಮುಟ್ಟಿದವಳಲ್ಲ. ಸಂಜೆ ದೀಪ ಹಚ್ಚಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು. ಅವರಿಲ್ಲದ ದಿನ ಚಿಮಣಿಯ ಬೆಳಕೇ ಗತಿ.

ಕರೆಂಟಿನ ಪಾಠ ಬಂದಾಗ ಅಕ್ಕೋರು ಸೆಲ್ಲು, ಪುಟ್ಟ ಬಲ್ಬು, ವಾಯರಿನ ತುಂಡುಗಳನ್ನು ಚೀಲದಲ್ಲಿ ತಂದು ಹಂಚಿದರು. ತುದಿಗಳನ್ನು ತಾವೇ ಕಡ್ಡಿಯಿಂದ ಸುಟ್ಟು ಸುಲಿದುಕೊಟ್ಟರು. ಅಲ್ಲೊಂದು ಇಲ್ಲೊಂದು ಬಲ್ಬು ಹತ್ತತೊಡಗಿದಂತೆ ಮಕ್ಕಳಿಗೆ ಹಿಗ್ಗೋ ಹಿಗ್ಗು. ನಾನು ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಆತು ನಿಂತೆ. ಅಕ್ಕೋರು ನೋಡಿದರು; ಒತ್ತಾಯ ಮಾಡಲಿಲ್ಲ.

ಸುದ್ದಿ ಕೇಳಿದ ಅವ್ವ ಮರುದಿನ ಕೆಲಸ ಬಿಟ್ಟು ಶಾಲೆಗೆ ಬಂದಳು. ಒಳಗೆ ಬಾರದೆ ಬಾಗಿಲಲ್ಲೇ ನಿಂತು, "ನನ್ನ ಮಗಳ ಕೈಯಾಗ ವಾಯರ್ ಕೊಡಬ್ಯಾಡ್ರಿ, ಅಕ್ಕೋರ. ಇಕಿ ಒಬ್ಬಾಕಿ ಉಳದಾಳ ನನಗ" ಎಂದಳು.

ಅಕ್ಕೋರು ಅವಳನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು. ಆಮೇಲೆ ಸೆಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದರು.

"ಇದು ಕೊಲ್ಲೂದಿಲ್ಲ, ತಂಗಿ. ಗ್ವಾಡಿ ಒಳಗಿಂದು, ಹೊಲದಾಗಿಂದು ಕೊಲ್ಲತದ. ಯಾವುದಕ್ಕ ಅಂಜಬೇಕು ಅನ್ನೂದು ಇಕಿಗೆ ಗೊತ್ತಿರಬೇಕಲ್ಲ."

ಅಕ್ಕೋರು ವಾಯರನ್ನು ನನ್ನತ್ತ ಚಾಚಿದಾಗ ಅವ್ವ ನಡುವೆ ಕೈ ಅಡ್ಡ ಹಿಡಿದಳು.

"ಮೊದಲ ನಾ ಮುಟ್ಟತೇನಿ."

ವಾಯರನ್ನು ತಾನೇ ತೆಗೆದುಕೊಂಡು ಸೆಲ್ಲಿಗೆ ಹಿಡಿದಳು. ವಾಯರಿನ ತುದಿ ಎರಡು ಸಲ ಜಾರಿತು. ಮತ್ತೆ ಒತ್ತಿ ಹಿಡಿದಾಗ ಬಲ್ಬು ಹತ್ತಿತು. ಅದನ್ನೇ ನೋಡುತ್ತ ಅವ್ವ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕೈ ಎಳೆದು ವಾಯರನ್ನು ಅದರಲ್ಲಿಟ್ಟಳು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದು, ಶಾಕ್ ಹೊಡೆದವರನ್ನು ಬರಿಗೈಲಿ ಹಿಡಿಯದೆ ಮೊದಲು ಮೇನ್ ಸ್ವಿಚ್ಚು ಆರಿಸಬೇಕು ಎಂದೆಲ್ಲ ಅಕ್ಕೋರು ಹೇಳುತ್ತಿದ್ದರೆ, ತಲೆ ಬಗ್ಗಿಸಿ ಕೇಳಿದಳು.

ಮುಂದಿನ ವರ್ಷ ಅಕ್ಕೋರಿಗೆ ವರ್ಗವಾಯಿತು. ನನಗೆ ನೌಕರಿ ಸಿಕ್ಕಾಗ ಮುನವಳ್ಳಿಗೆ ಹೋಗಿ ಕಾಲಿಗೆ ಬಿದ್ದು ಬಂದಿದ್ದೆ. ನಾನೂ ವಿಜ್ಞಾನವನ್ನೇ ಕಲಿಸುವವಳಾದೆನೆಂದು ಕೇಳಿ ನಕ್ಕು, ಕಾಲು ನೋಯಿಸಿಕೊಳ್ಳಬೇಡ, ಕೂತು ಪಾಠ ಮಾಡು ಎಂದಿದ್ದರು... ಆಮೇಲೆ ಹೋಗಲಾಗಲಿಲ್ಲ.

ಮೊನ್ನೆ ಸಂಜೆ ಫೋನ್ ಮಾಡಿದೆ. ಅವರ ಸೊಸೆ ಎತ್ತಿದರು. ಅಕ್ಕೋರು ಕಳೆದ ಶ್ರಾವಣದಲ್ಲೇ ಹೋದರಂತೆ.

ಅವ್ವನಿಗೆ ಹೇಳಿದೆ. ಜೋಳ ಹಸನು ಮಾಡುತ್ತಿದ್ದ ಕೈ ನಿಂತಿತು.

"ಅವರನ್ನ ಒಂದ ಸರತಿ ಊಟಕ್ಕ ಕರೀಬೇಕಂತ ಬಾಳ ಇತ್ತು. ನಮ್ಮಂಥವರ ಮನ್ಯಾಗ ಉಣ್ಣತಾರೋ ಇಲ್ಲೋ ಅಂತ ಕರೀಲೇ ಇಲ್ಲ."

ಉಣ್ಣುತ್ತಿದ್ದರು. ಆದರೆ ಅದನ್ನೀಗ ಅವಳಿಗೆ ಹೇಳಿ ಏನು ಮಾಡುವುದು...