ಲಿಫ್ಟಣ್ಣನ ಎರಡನೇ ಮಹಡಿ

ಆಸ್ಪತ್ರೆಯ ಲಿಫ್ಟಿನಲ್ಲಿ ಇಪ್ಪತ್ತಾರು ವರ್ಷ ಏರಿಳಿದರೂ ಲಿಫ್ಟಣ್ಣ ಯಾರನ್ನೂ ‘ಮೇಲಕ್ಕಾ?’ ಎಂದು ಕೇಳಿದವನಲ್ಲ. ಯಾರಾದರೂ ಅವಸರದಲ್ಲಿ “ಮೇಲಕ್ಕೆ” ಎಂದರೆ, “ಅಷ್ಟು ಬೇಗ ಬೇಡಿ, ಮಹಡಿ ಹೇಳಿ” ಎನ್ನುವನು. ಅಳುತ್ತ ಬಂದವರೂ ಅರೆಗಳಿಗೆ ನಗುತ್ತಿದ್ದರು.

ಆ ವರ್ಷ ಸಿಬ್ಬಂದಿಗೆಲ್ಲ ಫ್ಲೂ ಲಸಿಕೆ, ಎರಡನೇ ಮಹಡಿಗೆ ಬನ್ನಿ ಎಂಬ ಚೀಟಿಯನ್ನು ಲಿಫ್ಟಿನೊಳಗೇ ಅಂಟಿಸಿದರು. ಓದಿದವರು ಬಹಳ, ಇಳಿದವರು ವಿರಳ. ನರ್ಸಮ್ಮಂದಿರಿಗೆ ಪುರುಸೊತ್ತಿಲ್ಲ. ಲ್ಯಾಬಿನವನಿಗೆ ಹೋದ ವರ್ಷ ಹಾಕಿಸಿಕೊಂಡಾಗ ಜ್ವರ ಬಂದಿತ್ತಂತೆ. ಊರಿಗೆಲ್ಲ ಚುಚ್ಚುವ ಇಂಜೆಕ್ಷನ್ ರೂಮಿನ ಸಿಸ್ಟರಿಗೆ, ತನ್ನ ತೋಳಿಗೆ ಸೂಜಿ ಬಂದರೆ ತಲೆಸುತ್ತು. ಲಿಫ್ಟಣ್ಣನಿಗೂ ಒಂದು ನೆಪವಿತ್ತು: “ನಾನು ಮುಟ್ಟೋದು ಗುಂಡಿ, ರೋಗೀನಲ್ಲ.”

ಅಷ್ಟರಲ್ಲಿ ಅವನ ಮಗಳಿಗೆ ಎರಡು ತಿಂಗಳು ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು, ಒಂದೂವರೆ ಕಿಲೋ. ಮೂರನೇ ಮಹಡಿಯ ಎಳೆಗೂಸುಗಳ ವಾರ್ಡಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಅಜ್ಜನಾದ ಹುರುಪಿನಲ್ಲಿ ಲಿಫ್ಟಣ್ಣ ಕೈ ತೊಳೆದು, ತಲೆ ಬಾಚಿಕೊಂಡು ಹೋದರೆ ಹೆಡ್ ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತರು.

“ಫ್ಲೂ ಲಸಿಕೆ ಆಯ್ತಾ?”

“ನಂಗ್ಯಾಕಮ್ಮಾ? ಗುಂಡುಕಲ್ಲಿನ ಹಾಗಿದ್ದೀನಿ.”

“ನಿಮಗೋಸ್ಕರ ಅಲ್ಲ ಕಣ್ರೀ. ದಿನಾ ನೂರಾರು ಜನ ನಿಮ್ಮ ಡಬ್ಬಿಯೊಳಗೆ ಕೆಮ್ಮಿ ಹೋಗ್ತಾರೆ. ಅದನ್ನ ಹೊತ್ಕೊಂಡು ಇಲ್ಲಿಗೆ ಬರ್ತೀರಾ?”

“ಹಾಗಿದ್ರೆ ಅವಳಿಗೇ ಹಾಕ್ಬಿಡಿ!”

“ಆರು ತಿಂಗಳು ತುಂಬೋವರೆಗೆ ಅವಳಿಗೆ ಹಾಕೋ ಹಾಗಿಲ್ಲ. ಅಲ್ಲೀವರೆಗೆ ಸುತ್ತ ಇರೋರು ಹಾಕಿಸ್ಕೊಂಡ್ರೇ ಅವಳಿಗೆ ಕಾವಲು.”

ಲಿಫ್ಟಣ್ಣ ಮೆಟ್ಟಿಲಿಳಿದು ಓಡಿದ. ಕಣ್ಣು ಮುಚ್ಚಿ ಚುಚ್ಚಿಸಿಕೊಂಡು, ತೋಳು ಉಜ್ಜಿಕೊಳ್ಳುತ್ತ ಬಂದರೆ, ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕು, ಅಲ್ಲಿಯವರೆಗೆ ಕಿಟಕಿಯಿಂದಲೇ ನೋಡಿ ಎಂದರು ಸಿಸ್ಟರ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ಎರಡು ವಾರ ಲಿಫ್ಟಿನ ನಡತೆಯೇ ಬದಲಾಯಿತು. ಸಿಬ್ಬಂದಿ ಹತ್ತಿದರೆ ಸಾಕು, ಕೇಳದೆಯೇ ಎರಡರಲ್ಲಿ ನಿಲ್ಲುತ್ತಿತ್ತು. “ಎರಡೇ ನಿಮಿಷ ಅಮ್ಮಾ, ನಾನೇ ಬಂದು ಹತ್ತಿಸ್ಕೊಳ್ತೀನಿ.” ಲ್ಯಾಬಿನವನು ಜ್ವರದ ಪುರಾಣ ತೆಗೆದಾಗ, “ಒಂದು ದಿನ ಮೈ ಬೆಚ್ಚಗಾದ್ರೆ ಏನಾಗಲ್ಲ ಕಣೋ. ನನ್ನ ಮೊಮ್ಮಗಳು ಒಂದೂವರೆ ಕಿಲೋ” ಎಂದ. ಇಂಜೆಕ್ಷನ್ ರೂಮಿನ ಸಿಸ್ಟರ್ ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡೇ ಚುಚ್ಚಿಸಿಕೊಂಡರು. ಅವನ ಕಾಟ ತಾಳಲಾರದೆ ಹಾಕಿಸಿಕೊಂಡವರೇ ಹೆಚ್ಚು.

ಹಾಕಿಸಿಕೊಳ್ಳದೆ ಉಳಿದವರು ಎಳೆಗೂಸುಗಳ ದೊಡ್ಡ ಡಾಕ್ಟರು ಒಬ್ಬರೇ. ಮೊಮ್ಮಗಳನ್ನು ದಿನಾ ಮುಟ್ಟುವವರು. ಹೆಡ್ ಸಿಸ್ಟರೂ ಅವರಿಗೆ ಎದುರಾಡುವವರಲ್ಲ. ಹತ್ತನೆಯ ದಿನ ಲಿಫ್ಟಿನಲ್ಲಿ ಒಬ್ಬರೇ ಸಿಕ್ಕರು. ಲಿಫ್ಟಣ್ಣ ಎರಡರ ಗುಂಡಿಯ ಮೇಲೆ ಬೆರಳಿಟ್ಟು ಯೋಚಿಸಿದ. ಕೆಲಸ ಹೋದರೆ ಹೋಗಲಿ, ಮಗುವಿನ ಡಾಕ್ಟರನ್ನೇ ಎದುರು ಹಾಕಿಕೊಳ್ಳುವುದೇ? ಆದರೂ ಎರಡರಲ್ಲಿ ನಿಲ್ಲಿಸಿದ.

“ಮೂರು” ಎಂದರು ಡಾಕ್ಟರು, ಚೀಟಿಯ ಕಡೆ ನೋಡಿ. “ಮೂವತ್ತು ವರ್ಷದಿಂದ ನನಗೊಂದು ನೆಗಡಿ ಬಂದಿಲ್ಲ.”

“ನಿಮಗೇನೂ ಆಗಲ್ಲ ಸಾರ್, ನಂಗೊತ್ತು. ಅವಳಿಗೆ ಆಗತ್ತೆ.”

ಡಾಕ್ಟರು ಗಡಿಯಾರ ನೋಡಿಕೊಂಡರು. ಲಿಫ್ಟಣ್ಣ ತಲೆ ತಗ್ಗಿಸಿ ಮೂರು ಒತ್ತಿದ. ಆ ದಿನ ಅವನಿಗೆ ಊಟ ಸೇರಲಿಲ್ಲ.

ಹದಿನೈದನೆಯ ದಿನ ಹೆಡ್ ಸಿಸ್ಟರೇ ಕರೆದು ಮಗುವನ್ನು ಅವನ ಕೈಗಿಟ್ಟರು. ಇಷ್ಟು ಪುಟ್ಟ ಜೀವ ತನ್ನನ್ನು ನಂಬಿ ನಿದ್ದೆ ಮಾಡುತ್ತಿದೆಯಲ್ಲ ಎಂದು ಖುಷಿಯೂ ಆಯಿತು, ಭಯವೂ ಆಯಿತು. ಆಗಲೇ ದೊಡ್ಡ ಡಾಕ್ಟರು ಮಾಸ್ಕ್ ಸರಿಪಡಿಸಿಕೊಳ್ಳುತ್ತ ಒಳಬಂದರು.

“ಹಾಕಿಸ್ಕೊಂಡು ಇವತ್ತಿಗೆ ಐದು ದಿನ ಆಯ್ತು. ಎರಡು ವಾರ ತುಂಬೋವರೆಗೆ ಈ ಮಾಸ್ಕ್ ತೆಗೆಯೋ ಹಾಗಿಲ್ಲ ಅಂತ ಸಿಸ್ಟರ್ ಅಪ್ಪಣೆ.”

ಲಿಫ್ಟಣ್ಣನಿಗೆ ಅವರ ಕೈ ಹಿಡಿದುಕೊಳ್ಳಬೇಕು ಎನಿಸಿತು. ಎರಡೂ ಕೈಯಲ್ಲಿ ಮಗುವಿತ್ತು.

“ನೋಯ್ತಾ ಸಾರ್?”

“ಎರಡು ದಿನ ತೋಳು ಎತ್ತೋಕಾಗ್ಲಿಲ್ಲ ಕಣಯ್ಯಾ.”

“ನಂಗೂ ಅಷ್ಟೇ ಸಾರ್” ಎಂದ ಲಿಫ್ಟಣ್ಣ, ಮಗು ಏಳದ ಹಾಗೆ ಪಿಸುಗುಟ್ಟುತ್ತ.