ಸೌಂಡಣ್ಣನ ಹೆಗಲ ಮೇಲಿನ ಕೈ

ಬೆಳಕು ಹರಿಯುವ ಹೊತ್ತಿಗೆ ಸೌಂಡಣ್ಣ ಮನೆಯ ಮೆಟ್ಟಿಲ ಮೇಲೆ ಕೂತು ಕೇಬಲ್ ಒರೆಸುತ್ತಿದ್ದಾರೆ. ಬಾರಿನ ನೆಲದಲ್ಲಿ ಬಿಯರ್ ಕುಡಿದು ಅಂಟಂಟಾದ ಕೇಬಲ್‌ಗಳು. ಒರೆಸಿದ್ದನ್ನು ಒಂದು ಸುತ್ತು ಒಳಮುಖ, ಒಂದು ಸುತ್ತು ಹೊರಮುಖವಾಗಿ ಸುತ್ತುತ್ತಾರೆ. "ಹೀಗೆ ಸುತ್ತಿದ್ರೆ ಗಂಟು ಬೀಳಲ್ಲ. ಮದ್ವೆಯಾದ ಹೊಸದ್ರಲ್ಲಿ ಇವಳ ಹೊಲಿಗೆ ದಾರಾನೂ ಹೀಗೇ ಸುತ್ತಿಟ್ಟು ಬೈಸ್ಕೊಂಡಿದ್ದೆ," ಎಂದು ನಗುತ್ತಾರೆ. ಪಕ್ಕದಲ್ಲಿ ಕೂತ ಹೆಂಡತಿ ನಗುವುದಿಲ್ಲ.

ಸಣ್ಣ ಬಾರುಗಳಲ್ಲಿ ಬ್ಯಾಂಡ್ ಹಾಡುವ ಸಂಜೆ ಸ್ಪೀಕರ್ ಹೊರುವುದು, ಮೈಕ್ ನಿಲ್ಲಿಸುವುದು, ಡ್ರಮ್ಮಿನ ಅಬ್ಬರದಲ್ಲಿ ಹಾಡುವವರ ದನಿ ಮುಳುಗದಂತೆ ಮಿಕ್ಸರ್ ಮುಂದೆ ಕಾವಲು ಕೂರುವುದು ಇವರ ಕೆಲಸ. ಚಪ್ಪಾಳೆ ಹಾಡಿದವರಿಗೆ, ಬೈಗುಳ ಇವರಿಗೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಅಬ್ಬರದ ಪಕ್ಕದಲ್ಲೇ ಬದುಕಿದ್ದಕ್ಕೆ ಈಗ ಕಿವಿಯೇ ಕೈಕೊಟ್ಟಿದೆ. ದಪ್ಪ ಸದ್ದು ಕೇಳಿಸುತ್ತದೆ, ಕೀರಲು ಸದ್ದು ಇಲ್ಲವೇ ಇಲ್ಲ. ನಾಲಿಗೆ ಸತ್ತ ಅಡುಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಕಳೆದ ತಿಂಗಳು ಒಂದು ಬಾರಿನಲ್ಲಿ ಈ ಗುಟ್ಟು ರಟ್ಟಾಯಿತು. ಹಾಡು ಮಂಕಾಗಿದೆ ಅನ್ನಿಸಿ ಇವರು ಕೀರಲು ಸದ್ದಿನ ಗುಂಡಿ, ಟ್ರೆಬಲ್, ಏರಿಸುತ್ತಲೇ ಹೋದರು. ಸ್ಪೀಕರ್ ಸೀಟಿ ಹೊಡೆಯತೊಡಗಿತು. ಕುಡಿಯುತ್ತಿದ್ದವರೆಲ್ಲ ಕಿವಿ ಮುಚ್ಚಿಕೊಂಡರೆ, ಸೌಂಡಣ್ಣ ಮಾತ್ರ ತಲೆದೂಗುತ್ತಾ ಕೂತಿದ್ದರು. "ಇನ್ನೊಂದ್ಸಲ ಹಿಂಗಾದ್ರೆ ಬೇರೆಯವ್ರನ್ನ ಕರೆಸ್ತೀನಿ ಅಣ್ಣ, ಬೇಜಾರ್ ಮಾಡ್ಕೋಬೇಡಿ," ಎಂದರು ಆ ಬಾರಿನ ಮಾಲೀಕರು. ಸುದ್ದಿ ಕೇಳಿದ ಉಳಿದ ಬಾರಿನವರು ಅಷ್ಟೂ ಹೇಳಲಿಲ್ಲ, ಕರೆಯುವುದನ್ನೇ ಬಿಟ್ಟರು. ಈಗ ಉಳಿದಿರುವುದು ಅದೊಂದೇ ಬಾರು.

ಅಂದಿನಿಂದ ಹೆಂಡತಿಯೂ ಜೊತೆಗೆ ಹೋಗುತ್ತಾರೆ. ಹಗಲೆಲ್ಲ ಹೊಲಿಗೆ, ಸಂಜೆ ಗಂಡನ ಬೆನ್ನ ಹಿಂದೊಂದು ಸ್ಟೂಲು. ಸೀಟಿ ಶುರುವಾಗುವ ಸೂಚನೆ ಸಿಕ್ಕರೆ ಅವರ ಹೆಗಲು ಒತ್ತುತ್ತಾರೆ. ಅವರು ತಕ್ಷಣ ಟ್ರೆಬಲ್ ಇಳಿಸುತ್ತಾರೆ. "ನಂಗೆ ಸಂಗೀತದ ಗಂಧಗಾಳಿ ಇಲ್ಲ. ಹಲ್ಲು ಜುಮ್ ಅಂದ್ರೆ ಒತ್ತೋದು, ಅಷ್ಟೇ," ಎನ್ನುತ್ತಾರೆ ಹೆಂಡತಿ.

ಈಗೀಗ ಆಕೆಯ ಕಿವಿಯಲ್ಲೂ ಮಲಗಿದರೂ ಬಿಡದ ಗುಂಯ್‌ಗುಡುವ ಸದ್ದು. "ಇವ್ರು ಮನೇಲಿರು ಅಂತಾರೆ. ನಾನು ಮನೇಲಿದ್ರೆ ಒಲೆ ಉರಿಯೋದು ಹೇಗೆ?"

ಸೌಂಡಣ್ಣ ತಲೆ ತಗ್ಗಿಸುತ್ತಾರೆ. "ನನ್ನದು ಹೋದದ್ದು ಹೋಯ್ತು. ಇವಳ ಕಿವಿ ಉಳಿದ್ರೆ ಸಾಕು."

ಕೊನೆಯ ಕೇಬಲ್ ಸುತ್ತಿಟ್ಟ ಮೇಲೆ ಮುಖ ಸ್ವಲ್ಪ ಅರಳುತ್ತದೆ. "ನಿನ್ನೆ ಒಂದೂ ಸೀಟಿ ಬರ್ಲಿಲ್ಲ, ಗೊತ್ತಾ?"

ಒಳಗೆ ಕುಕ್ಕರ್ ಸೀಟಿ ಹೊಡೆಯುತ್ತಿದೆ. ಹೆಂಡತಿ ಅವರ ಹೆಗಲು ಒತ್ತುತ್ತಾರೆ. ಸೌಂಡಣ್ಣ ಎದ್ದು ಒಲೆ ಆರಿಸಲು ಹೋಗುತ್ತಾರೆ.